ಪಲ್ಲಾಡಿಯಂ ಅಂದ್ರೆ ಮಾಲ್ ಅಲ್ಲ ಸ್ವಾಮೀ...

ಉಂಗುರಕ್ಕೆ ಯಾವ ಲೋಹ ಒಳ್ಳೇದು ಅಂತ ನಮ್ಮೂರಲ್ಲಿ ಯಾರನ್ನೇ ಕೇಳಿ, ಪ್ರಶ್ನೆ ಮುಗಿಯೋದರೊಳಗೆ ಉತ್ತರ ಬಂದಿರತ್ತೆ - ಚಿನ್ನ. ಕೇಳಿಸಿಕೊಂಡವರು ಬಿಟಿಎಂ ಲೇಔಟಲ್ಲಿ ಮನೆ ಮಾಡ್ಕೊಂಡು ಸಾಫ್ಟ್‌ವೇರಲ್ಲಿ ಕೆಲಸ ಮಾಡ್ತಿರೋ ಹುಡುಗ ಹುಡುಗಿ ಆಗಿದ್ರೆ, ಪ್ಲಾಟಿನಂ. ಇವೆರಡರ ಮಧ್ಯೆ ಇನ್ನೊಂದು ಬಿಳಿ ಲೋಹ ಇದೆ, ಪಲ್ಲಾಡಿಯಂ ಅಂತ. ಅದರ ಹೆಸರೇ ಯಾರೂ ಎತ್ತಲ್ಲ. ನಾನು ಎತ್ತಿದ್ದಕ್ಕೆ ಗೆಳೆಯರೊಬ್ಬರು "ಅದು ಮುಂಬೈನಲ್ಲಿರೋ ಮಾಲ್ ಅಲ್ವೇನ್ರೀ?" ಅಂದ್ರು :-)

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಬೈಯೋರು ಇಲ್ಲಿಂದಲೇ ಶುರು ಹಚ್ಕೋಬಹುದು. ಉಂಗುರ ಅನ್ನೋದು ಬೆರಳಿಗೆ ಹಾಕ್ಕೊಳ್ಳೋದಕ್ಕೆ ಅಷ್ಟೇ ಅನ್ನೋದಾದ್ರೆ, ಬಿಳಿ ಲೋಹಗಳಲ್ಲಿ ಪಲ್ಲಾಡಿಯಂ ಬಹಳ ಒಳ್ಳೆ ಆಯ್ಕೆ. ಆದ್ರೆ ಜಯನಗರ, ಬನಶಂಕರಿಯಲ್ಲಿ ಕೂತು "ತಗೊಳ್ರೀ ಅದನ್ನ" ಅಂತ ಇವತ್ತಿನ ಮಟ್ಟಿಗೆ ಹೇಳೋಕೆ ನಾನು ತಯಾರಿಲ್ಲ. ಯಾಕೆ ಅನ್ನೋದೇ ಈ ಬರಹ.

ಮೊದಲು ಈ ಲೋಹದ ಜಾತಕ. ಪರಮಾಣು ಸಂಖ್ಯೆ 46. ಪ್ಲಾಟಿನಂ ಕುಟುಂಬಕ್ಕೆ ಸೇರಿದ್ದು, ಆ ಮನೆಯಲ್ಲಿ ಎಲ್ಲರಿಗಿಂತ ಹಗುರ. ಹುಟ್ಟಿದ ಕಥೆ ತಮಾಷೆಯಾಗಿದೆ. 1802ರಲ್ಲಿ ವಿಲಿಯಂ ಹೈಡ್ ವೊಲಾಸ್ಟನ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಪ್ಲಾಟಿನಂ ಅದಿರನ್ನ ಆಮ್ಲದಲ್ಲಿ ಕರಗಿಸ್ತಾ ಇದನ್ನ ಬೇರ್ಪಡಿಸಿದ. ಅದೇ ವರ್ಷ ಪತ್ತೆಯಾಗಿದ್ದ ಪಲ್ಲಾಸ್ ಅನ್ನೋ ಕ್ಷುದ್ರಗ್ರಹದ ಹೆಸರನ್ನೇ ಇಟ್ಟ. ಸರಿ, ವಿಜ್ಞಾನಿ ಅಂದ್ಮೇಲೆ ಪ್ರಬಂಧ ಬರೆದು ಓದಬೇಕು ತಾನೇ? ಈ ಮಹಾನುಭಾವ 1803ರಲ್ಲಿ ಲಂಡನ್ನಿನ ಸೋಹೋದಲ್ಲಿ ಒಂದು ಅಂಗಡಿಯಲ್ಲಿ, ತನ್ನ ಹೆಸರೇ ಹೇಳದೆ, ಇದನ್ನ ಮಾರಾಟಕ್ಕಿಟ್ಟುಬಿಟ್ಟ! ಹಂಚಿದ ಕರಪತ್ರದಲ್ಲಿ "ಪಲ್ಲಾಡಿಯಂ ಅಥವಾ ಹೊಸ ಬೆಳ್ಳಿ" ಅಂತ ಇತ್ತು. ಚೆನೆವಿಕ್ಸ್ ಅನ್ನೋ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಅದನ್ನ ಕೊಂಡು ಪರೀಕ್ಷೆ ಮಾಡಿ, ಇದು ಹೊಸ ಲೋಹವೇ ಅಲ್ಲ, ಪ್ಲಾಟಿನಂಗೆ ಪಾದರಸ ಬೆರೆಸಿದ್ದಾರೆ ಅಂತ ರಾಯಲ್ ಸೊಸೈಟಿ ಮುಂದೆ ಸಾರಿದ. ಆಗಲೂ ವೊಲಾಸ್ಟನ್ ಬಾಯಿ ಬಿಡಲಿಲ್ಲ. ಇದನ್ನ ಬೆರಕೆಯಿಂದ ಮಾಡಿ ತೋರಿಸಿದವರಿಗೆ 20 ಪೌಂಡ್ ಬಹುಮಾನ ಅಂತ, ಮತ್ತೆ ಹೆಸರಿಲ್ಲದೆ, ಪ್ರಕಟಣೆ ಕೊಟ್ಟ. ಯಾರ ಕೈಲೂ ಆಗಲಿಲ್ಲ. ಕೊನೆಗೆ 1805ರಲ್ಲಿ "ನಾನೇ ಅವನು" ಅಂತ ಹೊರಗೆ ಬಂದ. ಅನಾನಿಮಸ್ ಬ್ಲಾಗಿಗರಿಗೆಲ್ಲ ಈತ ಮೂಲಪುರುಷ ಅಂತ ನನ್ನ ಅಂಬೋಣ :-)

ಈ ಕಥೆ ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. ಹುಟ್ಟಿದ ದಿನದಿಂದ ಪಲ್ಲಾಡಿಯಂ ಎದುರಿಸಿದ ಪ್ರಶ್ನೆ ಒಂದೇ, "ಇದು ನಿಜವಾಗ್ಲೂ ಏನು? ಬೆಳ್ಳಿನಾ? ಮೋಸಾನಾ?" ಇನ್ನೂರು ಚಿಲ್ಲರೆ ವರ್ಷ ಆದ ಮೇಲೆ, ಅದೇ ಪ್ರಶ್ನೆ ಜಯನಗರ 4ನೇ ಬ್ಲಾಕಿನಲ್ಲಿ ನಮ್ಮ ಭಾವನಿಗೂ ಎದುರಾಯ್ತು.

ಭಾವ ಹತ್ತು ಹನ್ನೆರಡು ವರ್ಷ ಇಂಗ್ಲೆಂಡಿನಲ್ಲಿದ್ದೋರು. 2011ರಲ್ಲಿ ಬರ್ಮಿಂಗ್‌ಹ್ಯಾಮಿನ ಜ್ಯುವೆಲ್ಲರಿ ಕ್ವಾರ್ಟರಿನಲ್ಲಿ ಒಂದು ಸಾದಾ ಪಲ್ಲಾಡಿಯಂ ಉಂಗುರ ಕೊಂಡಿದ್ರು. ಅಲ್ಲಿ 2010ರ ಜನವರಿಯಿಂದ ಪಲ್ಲಾಡಿಯಂ ಒಡವೆಗೂ ಹಾಲ್‌ಮಾರ್ಕ್ ಕಡ್ಡಾಯ. ಉಂಗುರದ ಒಳಗೆ ಭೂತಗನ್ನಡಿ ಇಟ್ಟು ನೋಡಿದ್ರೆ 950 ಅಂತ ಅಂಕಿ, ಪಕ್ಕದಲ್ಲಿ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕಚೇರಿಯ ಲಂಗರು, ಜೊತೆಗೆ ಪಲ್ಲಾಸ್ ಅಥೀನಾ ದೇವಿಯ ಪುಟಾಣಿ ತಲೆ. 950 ಅಂದ್ರೆ ಸಾವಿರ ಪಾಲಿನಲ್ಲಿ 950 ಪಾಲು ಪಲ್ಲಾಡಿಯಂ. ದಿನಾ ಹಾಕ್ಕೊಂಡು, ಪಾತ್ರೆ ತೊಳೆದು, ಕಾರು ತೊಳೆದು, ಇಷ್ಟು ವರ್ಷವಾದ್ರೂ ಬಣ್ಣ ಹಾಗೇ ಇದೆ. ಗೀರು ಬಿದ್ದಿದೆ, ಅದು ಯಾವ ಲೋಹಕ್ಕೂ ತಪ್ಪಿದ್ದಲ್ಲ. ಬೆಳ್ಳಿ ಥರ ಕಪ್ಪಾಗಿಲ್ಲ. ಜೆಪಿ ನಗರಕ್ಕೆ ವಾಪಸ್ ಬಂದ ಮೇಲೆ ಅತ್ತೆ ಕೈಯಡುಗೆ ಪ್ರಭಾವದಿಂದ ಬೆರಳು ದಪ್ಪ ಆಯ್ತು. ಉಂಗುರ ಒಂಚೂರು ಸಡಿಲ ಮಾಡಿಸಬೇಕು, ಅಷ್ಟೇ ಕೆಲಸ.

ಆ "ಅಷ್ಟೇ ಕೆಲಸ"ಕ್ಕೆ ನಾನೂ ಅವರೂ ಎರಡು ಶನಿವಾರ ಸುತ್ತಿದ್ವಿ. 11ನೇ ಮೇನ್ ರಸ್ತೆಯ ಏಸಿ ಶೋರೂಮಿನಲ್ಲಿ "ಸಾರ್, ಪ್ಲಾಟಿನಂ ಆದ್ರೂ ನಮ್ಮಲ್ಲೇ ಕೊಂಡಿದ್ರೆ ಮಾತ್ರ" ಅಂದ್ರು. ಇನ್ನೊಂದು ಕಡೆ "ವೈಟ್ ಮೆಟಲ್ ಮುಟ್ಟಲ್ಲ". ಬನಶಂಕರಿ 2ನೇ ಹಂತದ ಒಂದು ಅಂಗಡಿಯಲ್ಲಿ ಹಿರಿಯರೊಬ್ಬರು ಕೈಯಲ್ಲಿ ತೂಗಿ ನೋಡಿ, "ಬೆಳ್ಳಿ ತಾನೇ, ಹಾಕಿ ತಕ್ಕಡಿಗೆ" ಅಂದ್ರು. ಅವರನ್ನ ದೂರಲ್ಲ. ಬೆಳ್ಳಿ ಸಾಂದ್ರತೆ ಹತ್ತೂವರೆ, ಪಲ್ಲಾಡಿಯಂದು ಹನ್ನೆರಡು. ಕೈಗೆ ಅದು ಬೆಳ್ಳಿಯ ಹಾಗೇ ಅನ್ಸತ್ತೆ. ನಲವತ್ತು ವರ್ಷ ಚಿನ್ನ ಬೆಳ್ಳಿ ಎರಡನ್ನೇ ಮುಟ್ಟಿರೋ ಕೈ ಬೇರೆ ಏನು ಹೇಳಬೇಕು?

ಸರಿ, ಈ ತೂಕದ ವಿಷಯಕ್ಕೇ ಬರ್ತೀನಿ. ಪಲ್ಲಾಡಿಯಂನ ನಿಜವಾದ ಅನುಕೂಲ ಇರೋದು ಇಲ್ಲಿ. ಉಂಗುರ ಕೊಳ್ಳುವಾಗ ನಾವು ಗ್ರಾಂ ಲೆಕ್ಕದಲ್ಲಿ ದುಡ್ಡು ಕೊಡ್ತೀವಿ, ಹಾಕ್ಕೊಳ್ಳೋದು ಮಾತ್ರ ಗಾತ್ರವನ್ನ. ಭಾವನ ಉಂಗುರ ಐದು ಮಿಲಿಮೀಟರ್ ಅಗಲ, ಒಂದೂವರೆ ಚಿಲ್ಲರೆ ದಪ್ಪ, ತೂಕ ಆರು ಗ್ರಾಂ ಮೇಲೆ ಸ್ವಲ್ಪ. ಅದೇ ಅಳತೆಯನ್ನ 22 ಕ್ಯಾರೆಟ್ ಚಿನ್ನದಲ್ಲಿ ಮಾಡಿಸಿದ್ರೆ ಸುಮಾರು ಒಂಬತ್ತೂವರೆ ಗ್ರಾಂ ಆಗತ್ತೆ. 950 ಪ್ಲಾಟಿನಂನಲ್ಲಿ ಹನ್ನೊಂದು ದಾಟತ್ತೆ. ಅಂದ್ರೆ ಪ್ಲಾಟಿನಂಗೂ ಪಲ್ಲಾಡಿಯಂಗೂ ಗ್ರಾಂ ಬೆಲೆ ಒಂದೇ ಇದ್ರೂ, ಉಂಗುರದ ಲೋಹದ ಖರ್ಚು ಅರ್ಧದಷ್ಟೇ ಮೇಲೆ. ನೋಡೋದಕ್ಕೆ ಎರಡೂ ಒಂದೇ ಥರ ಬಿಳಿ, ಪಲ್ಲಾಡಿಯಂ ಒಂಚೂರು ಬೂದು ಛಾಯೆ ಅಷ್ಟೇ. ಭಾರವಾಗಿದ್ರೇನೇ ಬೆಲೆಬಾಳೋದು ಅನ್ನೋ ಭಾವನೆ ಇರೋರಿಗೆ ಪ್ಲಾಟಿನಂ ಸರಿ. ದಿನಾ ಎಂಟು ಗಂಟೆ ಕೀಬೋರ್ಡ್ ಕುಟ್ಟೋ ಬೆರಳಿಗೆ ಹನ್ನೊಂದು ಗ್ರಾಂ ಯಾಕೆ ಅಂತ ನನ್ನ ವಾದ.

ಈಗ ಇನ್ನೊಂದು ಗುಟ್ಟು. "ನಾನು ಪಲ್ಲಾಡಿಯಂ ನೋಡೇ ಇಲ್ಲ" ಅನ್ನೋರಲ್ಲಿ ಎಷ್ಟೋ ಜನ ಅದನ್ನ ಹಾಕ್ಕೊಂಡೇ ಓಡಾಡ್ತಿರ್ತೀರಿ. ಬಿಳಿ ಚಿನ್ನ, ಅಂದ್ರೆ ವೈಟ್ ಗೋಲ್ಡ್, ಗಣಿಯಿಂದ ಬಿಳಿಯಾಗಿ ಬರಲ್ಲ. ಹಳದಿ ಚಿನ್ನಕ್ಕೆ ಬಣ್ಣ ಕಳೆಯೋ ಲೋಹ ಬೆರೆಸಬೇಕು. ಆ ಕೆಲಸ ಚೆನ್ನಾಗಿ ಮಾಡೋ ಲೋಹ ಎರಡು, ನಿಕ್ಕಲ್ ಮತ್ತು ಪಲ್ಲಾಡಿಯಂ. ನಿಕ್ಕಲ್ ಅಗ್ಗ, ಪಲ್ಲಾಡಿಯಂ ದುಬಾರಿ. ಬೆರೆಸಿದ ಮೇಲೂ ಪೂರ್ತಿ ಬಿಳಿ ಆಗದೇ ಇರೋದರಿಂದ ಮೇಲೆ ರೋಡಿಯಂ ಪುಟ ಕೊಡ್ತಾರೆ. ಒಂದೆರಡು ವರ್ಷದಲ್ಲಿ ಆ ಪುಟ ಸವೆದು, ಉಂಗುರದ ತಳಭಾಗದಲ್ಲಿ ಹಳದಿ ಇಣುಕೋಕೆ ಶುರು. ಮತ್ತೆ ಪುಟ, ಮತ್ತೆ ದುಡ್ಡು.

ನಮ್ಮನೆಯಲ್ಲಿ ಇದು ಬರೀ ದುಡ್ಡಿನ ಮಾತಾಗಿರಲಿಲ್ಲ. ನನ್ನ ತಂಗಿಗೆ ನಿಕ್ಕಲ್ ಅಲರ್ಜಿ. ಹೈಸ್ಕೂಲಿನಲ್ಲಿ ಜಾತ್ರೆ ಓಲೆ ಹಾಕ್ಕೊಂಡು ಕಿವಿ ಸೋರಿದಾಗಿನಿಂದ ಗೊತ್ತು. ನಿಶ್ಚಿತಾರ್ಥಕ್ಕೆ ಬಿಳಿ ಉಂಗುರವೇ ಬೇಕು ಅಂತ ಅವಳ ಹಟ. ಹುಡುಗನ ಮನೆಯವರು ಒಪ್ಪಿದ್ರು. ಅಂಗಡಿಯಲ್ಲಿ 18 ಕ್ಯಾರೆಟ್ ಬಿಳಿ ಚಿನ್ನದ ಉಂಗುರ ಎತ್ತಿ ತೋರಿಸಿದ್ರು, ಹಾಲ್‌ಮಾರ್ಕ್ ಇದೆ, ಎಲ್ಲಾ ಸರಿ. ಅವಳು ಕೇಳಿದ್ದು ಒಂದೇ ಪ್ರಶ್ನೆ, "ಇದರಲ್ಲಿ ಬಿಳಿ ಮಾಡೋಕೆ ಏನು ಹಾಕಿದ್ದೀರಿ?" ಮೂರು ಅಂಗಡಿಯಲ್ಲಿ ಉತ್ತರ ಗೊತ್ತಿರಲಿಲ್ಲ. ಒಬ್ಬ ಸೇಲ್ಸ್ ಹುಡುಗ "ಮೇಡಂ, ಹಾಲ್‌ಮಾರ್ಕ್ ಇದ್ದ ಮೇಲೆ ಅಲರ್ಜಿ ಆಗಲ್ಲ" ಅಂದ!

ಇಲ್ಲಿ ಸ್ವಲ್ಪ ನಿಲ್ಲಿ. ಹಾಲ್‌ಮಾರ್ಕ್ ಏನು ಹೇಳತ್ತೆ, ಏನು ಹೇಳಲ್ಲ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಸ್ಪಷ್ಟ ಇಲ್ಲ. ನಮ್ಮ ದೇಶದಲ್ಲಿ ಬಿಐಎಸ್ ಚಿನ್ನದ ಹಾಲ್‌ಮಾರ್ಕಿಂಗ್ ಶುರು ಮಾಡಿದ್ದು 2000ದಲ್ಲಿ, ಬೆಳ್ಳಿಗೆ 2005ರಲ್ಲಿ. 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಚಿನ್ನಕ್ಕೆ ಕಡ್ಡಾಯ ಆಯ್ತು. ಈಗ ಒಡವೆ ಮೇಲೆ ಬಿಐಎಸ್ ಗುರುತು, ಶುದ್ಧತೆಯ ಅಂಕಿ, ಆರು ಅಕ್ಷರದ ಎಚ್‌ಯುಐಡಿ ಸಂಖ್ಯೆ ಇರತ್ತೆ. 750 ಅಂತ ಇದ್ರೆ ಸಾವಿರಕ್ಕೆ 750 ಪಾಲು ಚಿನ್ನ ಅನ್ನೋದು ಖಾತ್ರಿ. ಉಳಿದ 250 ಪಾಲು ಏನು ಅಂತ ಆ ಮುದ್ರೆ ಹೇಳಲ್ಲ. ನಿಕ್ಕಲ್ ಇರಬಹುದು, ಪಲ್ಲಾಡಿಯಂ ಇರಬಹುದು, ತಾಮ್ರ ಸತು ಇರಬಹುದು. ಯೂರೋಪಿನಲ್ಲಿ 1994ರಲ್ಲೇ ನಿಕ್ಕಲ್ ನಿರ್ದೇಶನ ಅಂತ ಮಾಡಿ, ಚರ್ಮಕ್ಕೆ ತಾಗೋ ಒಡವೆಯಿಂದ ಎಷ್ಟು ನಿಕ್ಕಲ್ ಹೊರಗೆ ಬರಬಹುದು ಅನ್ನೋದಕ್ಕೆ ಮಿತಿ ಹಾಕಿದ್ರು. ನಮ್ಮ ಹಾಲ್‌ಮಾರ್ಕ್ ಕಾಯೋದು ಗಿರಾಕಿಯ ಜೇಬನ್ನ. ಚರ್ಮದ ಚಿಂತೆ ಅದಕ್ಕಿಲ್ಲ.

ಇನ್ನು ಪಲ್ಲಾಡಿಯಂ ಉಂಗುರಕ್ಕೆ ಆ ಮಟ್ಟದ ರಕ್ಷಣೆಯೂ ಇಲ್ಲ. ಬಿಐಎಸ್ ಹಾಲ್‌ಮಾರ್ಕ್ ಇರೋದು ಚಿನ್ನಕ್ಕೆ, ಬೆಳ್ಳಿಗೆ. ಪ್ಲಾಟಿನಂಗೆ ಸರ್ಕಾರದ ಮುದ್ರೆ ಬದಲು ಪ್ಲಾಟಿನಂ ಗಿಲ್ಡ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ ನಿಂತಿದೆ. ದಕ್ಷಿಣ ಆಫ್ರಿಕಾದ ಗಣಿ ಕಂಪನಿಗಳ ದುಡ್ಡಿನಲ್ಲಿ ನಡೆಯೋದು ಅದು. ಶುದ್ಧತೆಯ ಕಾರ್ಡ್, ಅಂಗಡಿಯವರಿಗೆ ತರಬೇತಿ, ಪ್ರೇಮಿಗಳಿಗೆ ಜಾಹೀರಾತು, ಎಲ್ಲ ಅವರೇ ನೋಡ್ಕೊಂಡ್ರು. ಬಿಟಿಎಂ ಲೇಔಟಿನ ಹುಡುಗ ಹುಡುಗಿ ಪ್ಲಾಟಿನಂ ಜೋಡಿ ಉಂಗುರ ಕೇಳೋದರ ಹಿಂದೆ ಆ ಖರ್ಚಿದೆ. ಪಲ್ಲಾಡಿಯಂ ಪರವಾಗಿ ನಮ್ಮೂರಲ್ಲಿ ಒಂದು ಹೋರ್ಡಿಂಗ್ ಹಾಕಿದವರೂ ಇಲ್ಲ.

ಒರೆಗಲ್ಲಂತೂ ಈ ಲೋಹದ ಶತ್ರು. ಹಳೇ ಪದ್ಧತಿ ನಿಮಗೆ ಗೊತ್ತೇ ಇರತ್ತೆ, ಕಲ್ಲಿಗೆ ಉಜ್ಜಿ ಗೆರೆ ಎಳೆದು ಮೇಲೆ ನೈಟ್ರಿಕ್ ಆಮ್ಲ ಬಿಡೋದು. ಚಿನ್ನದ ಗೆರೆ ನಿಲ್ಲತ್ತೆ, ಕಳಪೆ ಲೋಹದ್ದು ಮಾಯ ಆಗತ್ತೆ. ಪ್ಲಾಟಿನಂ ಕೂಡ ನೈಟ್ರಿಕ್ ಆಮ್ಲಕ್ಕೆ ಜಗ್ಗಲ್ಲ. ಪಲ್ಲಾಡಿಯಂ ಸಾಂದ್ರ ನೈಟ್ರಿಕ್ ಆಮ್ಲದಲ್ಲಿ ನಿಧಾನಕ್ಕೆ ಕರಗತ್ತೆ! ಅಂದ್ರೆ ಅಪ್ಪಟ ಪಲ್ಲಾಡಿಯಂ ತಗೊಂಡು ಹೋದ್ರೂ ಆ ಪರೀಕ್ಷೆಯಲ್ಲಿ ನೀವು ಕಳ್ಳ ಆಗೋ ಸಾಧ್ಯತೆ ಇದೆ. ಈಗ ದೊಡ್ಡ ಅಂಗಡಿಗಳಲ್ಲಿ ಎಕ್ಸ್-ರೇ ಮೆಷಿನ್ ಇದೆ, ನಾವೆಲ್ಲ ಕ್ಯಾರೆಟ್ ಮೀಟರ್ ಅನ್ನೋದು. ಭಾವನ ಉಂಗುರವನ್ನ ಅದರೊಳಗೆ ಇಟ್ಟಾಗ ಪಲ್ಲಾಡಿಯಂ ಅಂತ ನೀಟಾಗಿ ತೋರಿಸ್ತು. ಅಂಗಡಿಯವರೇ ಆಶ್ಚರ್ಯದಿಂದ ನೋಡಿದ್ರು. ನೋಡಿ, ವಾಪಸ್ ಕೈಗೆ ಕೊಟ್ರು :-(

ಕೊನೆಗೆ ಕೆಲಸ ಆಗಿದ್ದು ನಗರ್ತಪೇಟೆಯ ಒಂದು ಓಣಿಯಲ್ಲಿ, ಲೇಸರ್ ಬೆಸುಗೆ ಮೆಷಿನ್ ಇಟ್ಕೊಂಡಿರೋ ಒಬ್ಬರ ಹತ್ರ. ಮಾಮೂಲಿ ಗ್ಯಾಸ್ ಬೆಂಕಿಯಲ್ಲಿ ಯಾಕೆ ಆಗಲ್ಲ ಅಂತ ಕೇಳಿದ್ದಕ್ಕೆ ಅವರು ಚೆನ್ನಾಗಿ ವಿವರಿಸಿದ್ರು. ಚಿನ್ನ 1064 ಡಿಗ್ರಿಗೆ ಕರಗತ್ತೆ, ಪಲ್ಲಾಡಿಯಂಗೆ 1555 ಬೇಕು. ಕಾಯಿಸುವಾಗ ಗಾಳಿ ತಾಗಿದ್ರೆ ಮೇಲೆ ನೀಲಿ ನೇರಳೆ ಬಣ್ಣ ಕಟ್ಟತ್ತೆ. ಕರಗಿದಾಗ ಅನಿಲ ಹೀರ್ಕೊಂಡು ಆಮೇಲೆ ಪೆಡಸಾಗಿ ಬಿರುಕು ಬಿಡಬಹುದು. ಈ ಲೋಹಕ್ಕೆ ಅನಿಲ ಕುಡಿಯೋ ಚಟ ಮೊದಲಿಂದ ಇದೆ, ತನ್ನ ಗಾತ್ರದ 900 ಪಟ್ಟು ಜಲಜನಕ ನುಂಗಬಲ್ಲದು. ಪ್ರಯೋಗಾಲಯದವರಿಗೆ ಅದು ವರ, ಕುಲುಮೆ ಮುಂದೆ ಕೂತವರಿಗೆ ಶಾಪ. ಅಂಗಡಿಯವರು "ಮುಟ್ಟಲ್ಲ" ಅಂದಿದ್ದರಲ್ಲಿ ಸೋಮಾರಿತನ ಎಷ್ಟಿತ್ತೋ, ನ್ಯಾಯವಾದ ಭಯವೂ ಅಷ್ಟೇ ಇತ್ತು ಅಂತ ಆಗ ಗೊತ್ತಾಯ್ತು.

"ಮಾರೋಕೆ ಹೋದ್ರೆ ಎಷ್ಟು ಬರತ್ತೆ?" ಇದು ಅತ್ತೆಯ ಪ್ರಶ್ನೆ. ಇಂಥ ಪ್ರಶ್ನೆ ಕೇಳೋರನ್ನ ಹಳೇಕಾಲದವರು ಅಂತ ನಗೋದು ನಮ್ಮ ಪೀಳಿಗೆಯ ಫ್ಯಾಷನ್. ನಾನು ನಗಲ್ಲ. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಕಾಲೇಜ್ ಫೀಸು, ಆಸ್ಪತ್ರೆ ಬಿಲ್ಲು, ಸೈಟಿನ ಅಡ್ವಾನ್ಸು ಎಲ್ಲಕ್ಕೂ ಒದಗಿರೋದು ಕೈಬಳೆ, ಉಂಗುರ, ಸರ. ಅಡ ಇಟ್ಟು ಬಿಡಿಸ್ಕೊಂಡು ಮತ್ತೆ ಹಾಕ್ಕೊಂಡಿರೋರು ನಮ್ಮಮ್ಮಂದಿರು. ಚಿನ್ನ ಅವರಿಗೆ ಬ್ಯಾಂಕು. ಬೆರಳಲ್ಲಿ ಹೊಳೆಯೋದು ಆಮೇಲಿನ ಮಾತು. ಪಲ್ಲಾಡಿಯಂ ಉಂಗುರ ತಗೊಂಡು ಗಿರವಿ ಅಂಗಡಿಗೆ ಹೋದ್ರೆ ಅವರು ನಿಮ್ಮನ್ನ ಕೂರಿಸಿ ಕಾಫಿನೂ ಕೊಡಲ್ಲ.

ಬೆಲೆ ಚರಿತ್ರೆ ನೋಡಿದ್ರೂ ಅತ್ತೆ ಪರವಾಗೇ ಇದೆ. ಈ ಲೋಹದ ಬೆಲೆ ನಿಶ್ಚಯ ಮಾಡೋದು ಮದುವೆ ಸೀಸನ್ ಅಲ್ಲ, ಪೆಟ್ರೋಲ್ ಕಾರು. ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿರೋ ಕಾರುಗಳ ಹೊಟ್ಟೆ ಕೆಳಗೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇರತ್ತಲ್ಲ, ಪ್ರಪಂಚದ ಪಲ್ಲಾಡಿಯಂನಲ್ಲಿ ಐದರಲ್ಲಿ ನಾಲ್ಕು ಪಾಲು ಹೆಚ್ಚುಕಡಿಮೆ ಅಲ್ಲಿಗೇ ಹೋಗತ್ತೆ. ಅಗೆಯೋರು ಮುಖ್ಯವಾಗಿ ಎರಡೇ ದೇಶ, ರಷ್ಯಾ ಮತ್ತು ದಕ್ಷಿಣ ಆಫ್ರಿಕಾ. 2001ರ ಜನವರಿಯಲ್ಲಿ ಔನ್ಸಿಗೆ 1000 ಡಾಲರ್ ದಾಟಿತ್ತು. ಬೆಲೆ ಏರುತ್ತೆ ಅಂತ ದಾಸ್ತಾನು ಮಾಡಿದ್ದ ಫೋರ್ಡ್ ಕಂಪನಿ 2002ರ ಶುರುವಿನಲ್ಲಿ 100 ಕೋಟಿ ಡಾಲರ್ ನಷ್ಟ ಅಂತ ಬರ್ಕೊಂಡ್ತು. 2003ಕ್ಕೆ 200 ಡಾಲರಿಗೂ ಕೆಳಗೆ. ಆಮೇಲೆ 2019ರಿಂದ ಕೆಲ ವರ್ಷ ಚಿನ್ನಕ್ಕಿಂತಲೂ ದುಬಾರಿ, 2022ರ ಮಾರ್ಚಿನಲ್ಲಿ ಯುಕ್ರೇನ್ ಯುದ್ಧದ ಬಿಸಿಗೆ 3400 ಡಾಲರ್ ದಾಟ್ತು. 2024ರಲ್ಲಿ ಮತ್ತೆ ಸಾವಿರದ ಕೆಳಗಿಳೀತು. ಎಲೆಕ್ಟ್ರಿಕ್ ಕಾರಿಗೆ ಕನ್ವರ್ಟರೇ ಬೇಡವಲ್ಲ. ಇತ್ತ ಚಿನ್ನ 2025ರ ಏಪ್ರಿಲಿನಲ್ಲಿ ಹತ್ತು ಗ್ರಾಂಗೆ ಲಕ್ಷ ರೂಪಾಯಿ ಮುಟ್ಟಿತು. 2022ರ ಯುಗಾದಿಗೆ ಪಲ್ಲಾಡಿಯಂ ಉಂಗುರ ಕೊಂಡು "ಇನ್ವೆಸ್ಟ್‌ಮೆಂಟ್" ಅಂದ್ಕೊಂಡಿದ್ರೆ ಏನಾಗ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

ಅಂದ ಹಾಗೆ, ಈ ಲೋಹ ನಮಗೆ ಪೂರ್ತಿ ಪರಕೀಯ ಏನಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ್ದು, ಹಟ್ಟಿ ಇನ್ನೂ ನಡೀತಿರೋದು ಎಲ್ಲರಿಗೂ ಗೊತ್ತು. ದಾವಣಗೆರೆ ಜಿಲ್ಲೆಯ ಹನುಮಲಾಪುರದ ಕಲ್ಲಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂ ಗುಂಪಿನ ಲೋಹ ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಭಾರತದ ಖನಿಜ ಲೆಕ್ಕದ ಪುಸ್ತಕದಲ್ಲಿ ಒಡಿಶಾಕ್ಕೆ 14.2 ಟನ್, ನಮ್ಮ ಹನುಮಲಾಪುರಕ್ಕೆ 1.5 ಟನ್ ಅಂತ ಇದೆ. ಅಗೆದು ಉಂಗುರ ಮಾಡೋ ಮಟ್ಟದ್ದಲ್ಲ, ಹೆಮ್ಮೆಗೆ ಸಾಕು :-)

ಹಾಗಾದ್ರೆ ಏನು ಮಾಡಬೇಕು ಅಂತೀರಾ? ನಾನು ಸರ್ಕಾರವನ್ನ ಕೇಳೋದು ಎರಡೇ. ಒಂದು, ಇಂಗ್ಲೆಂಡಿನವರು 2010ರಲ್ಲಿ ಮಾಡಿದ್ದನ್ನ ಬಿಐಎಸ್ ಇಲ್ಲೂ ಮಾಡಲಿ, ಪ್ಲಾಟಿನಂ ಪಲ್ಲಾಡಿಯಂ ಎರಡಕ್ಕೂ ಮುದ್ರೆ ಕೊಡಲಿ. 2025ರ ಸೆಪ್ಟೆಂಬರಿನಲ್ಲಿ ಬೆಳ್ಳಿಗೂ ಎಚ್‌ಯುಐಡಿ ತಂದವರಿಗೆ ಇದು ದೊಡ್ಡ ಕೆಲಸ ಆಗಬಾರದು. ಮುದ್ರೆ ಬಂದ್ರೆ ಅಂಗಡಿಯವರ ಭಯ ಕಮ್ಮಿ ಆಗತ್ತೆ, ವಾಪಸ್ ತಗೊಳ್ಳೋ ಬೆಲೆ ಅಂತ ಒಂದು ಹುಟ್ಟತ್ತೆ. ಎರಡು, ಬಿಳಿ ಚಿನ್ನದಲ್ಲಿ ನಿಕ್ಕಲ್ ಇದ್ರೆ ಬಿಲ್ಲಿನಲ್ಲಿ ಬರೆಯೋದು ಕಡ್ಡಾಯ ಆಗಲಿ. ಬಿಸ್ಕತ್ತಿನ ಪ್ಯಾಕೆಟ್ ಮೇಲೆ ಕಡಲೆಕಾಯಿ ಇದೆಯೋ ಇಲ್ವೋ ಬರೀತಾರೆ, ಲಕ್ಷ ರೂಪಾಯಿ ಉಂಗುರಕ್ಕೆ ಯಾಕಿಲ್ಲ?

ಅಲ್ಲೀ ತನಕ ಕೊಳ್ಳೋರಿಗೆ ನನ್ನ ಮಾತು ಇಷ್ಟು. ಮುಂದೆ ಮಾರೋ, ಅಡ ಇಡೋ ಯೋಚನೆ ಒಂಚೂರಿದ್ರೂ ಚಿನ್ನವನ್ನೇ ತಗೊಳ್ಳಿ. ಬಿಳಿಯೇ ಬೇಕು, ಆದ್ರೆ ವಾಪಸ್ ಬೆಲೆಯೂ ಬೇಕು ಅನ್ನೋರು ಪಲ್ಲಾಡಿಯಂ ಬೆರೆಸಿದ 18 ಕ್ಯಾರೆಟ್ ಬಿಳಿ ಚಿನ್ನ ಕೇಳಿ, "ನಿಕ್ಕಲ್ ಇಲ್ಲ" ಅಂತ ಬಿಲ್ಲಿನ ಮೇಲೆ ಬರೆಸ್ಕೊಳ್ಳಿ, ಮೆಷಿನ್ನಿನಲ್ಲಿ ಕಣ್ಣೆದುರೇ ತೋರಿಸೋಕೆ ಹೇಳಿ. ತಂಗಿ ಕೊನೆಗೆ ಮಾಡಿದ್ದು ಅದನ್ನೇ. ಆದ್ರೆ ಅದಕ್ಕೆ ಮೊದಲು ಚರ್ಮದ ಡಾಕ್ಟರ ಹತ್ರ ಪ್ಯಾಚ್ ಟೆಸ್ಟ್ ಮಾಡಿಸಿದ್ಲು. ಯಾಕಂದ್ರೆ ನಿಕ್ಕಲ್ ಆಗದೇ ಇರೋರಲ್ಲಿ ಕೆಲವರಿಗೆ ಪಲ್ಲಾಡಿಯಂಗೂ ಪಾಸಿಟಿವ್ ಬರತ್ತೆ, ಒಡವೆಯಿಂದ ನಿಜವಾಗಿ ತೊಂದರೆ ಆಗೋದು ಅಪರೂಪ ಆದ್ರೂ ಸಹ. "ನಿಕ್ಕಲ್ ಅಲರ್ಜಿಗೆ ಪಲ್ಲಾಡಿಯಂ ರಾಮಬಾಣ" ಅಂತ ಇಂಟರ್ನೆಟ್ಟಿನಲ್ಲಿ ಓದಿ ಕಣ್ಮುಚ್ಚಿ ನಂಬಬೇಡಿ. ಅಪ್ಪಟ ಪಲ್ಲಾಡಿಯಂ ಉಂಗುರವೇ ಬೇಕು ಅನ್ನೋ ಗಟ್ಟಿಗರು ಹಾಲ್‌ಮಾರ್ಕ್ ಇರೋ ದೇಶದಿಂದ ತರಿಸ್ಕೊಳ್ಳಿ, ಬೆರಳಿನ ಅಳತೆ ಎರಡು ಸಲ ತೆಗೆದು, ಒಂದು ಸಲ ಮಧ್ಯಾಹ್ನದ ಸೆಕೆಯಲ್ಲೂ. ಗಾಯಕ್ಕೆ ಟಿಂಕ್ಚರ್ ಅಯೋಡಿನ್ ಹಚ್ಚುವಾಗ ಬಿಚ್ಚಿಡಿ, ಕಲೆ ಆಗತ್ತೆ.

ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಪಲ್ಲಾಡಿಯಂ ಉಂಗುರ ಹಾಕ್ಕೊಂಡು ಓಡಾಡೋರು ಇನ್ಯಾರಾದ್ರೂ ಇದ್ದೀರಾ? ಎಲ್ಲಿ ಮಾಡಿಸಿದ್ರಿ, ರಿಪೇರಿಗೆ ಯಾರು ಸಿಕ್ಕಿದ್ರು, ವಾಪಸ್ ಕೊಡೋಕೆ ಹೋದಾಗ ಏನಂದ್ರು ಅಂತ ಬರೀರಿ. ನಗರ್ತಪೇಟೆಯ ಆ ಓಣಿಯ ದಾರಿ ಬೇಕಾದೋರು ಮೇಲ್ ಮಾಡಿ, ಹೇಳ್ತೀನಿ. ಭಾನುವಾರ ಅವರು ರಜ.